ಹಸಿರು ಪಟ್ಟಿಯ ಸಾಕ್ಷಿ: ಹಳೆಯ ಬರ್ಬನ್ ಬಾಟಲಿಗಳ ಚರಿತ್ರೆ

ನಾನು ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನಡೆದದ್ದು. ಸಂಜೆ ನಗದು ಲೆಕ್ಕ ಒಪ್ಪಿಸುವ ಹೊತ್ತಿಗೆ ಐನೂರರ ಒಂದು ಕಟ್ಟಿನೊಳಗೆ ಎರಡು ಖೋಟಾ ನೋಟುಗಳು ಸಿಕ್ಕಿದವು. ಕಟ್ಟಿನ ಸುತ್ತ ಕಾಗದದ ಪಟ್ಟಿ ಇತ್ತು. ಪಟ್ಟಿಯ ಮೇಲೆ ಇನ್ನೊಂದು ಬ್ಯಾಂಕಿನ ಮೊಹರು, ಎಣಿಸಿದವರ ಸಹಿ, ತಾರೀಕು ಎಲ್ಲವೂ ಕ್ರಮವಾಗಿಯೇ ಇದ್ದವು. ಆ ಧೈರ್ಯದಲ್ಲಿ ಕಟ್ಟನ್ನು ಬಿಚ್ಚದೆ, ತುದಿ ಮಾತ್ರ ಎಣಿಸಿ ತೆಗೆದುಕೊಂಡಿದ್ದೆ. ಸಾವಿರ ರೂಪಾಯಿ ನನ್ನ ಕೈಯಿಂದ ಹೋಯಿತು. ನಮ್ಮ ಹಿರಿಯ ಕ್ಯಾಶಿಯರರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಪಟ್ಟಿ ಅಸಲಿಯೇ ಮಾರಾಯ್ರೆ. ಆದರೆ ಪಟ್ಟಿ ಕಟ್ಟಿದವನಿಗೆ ಮಾತ್ರ ಸಾಕ್ಷಿ ಹೇಳ್ತದೆ. ಬಿಚ್ಚಿದವನ ಸುದ್ದಿ ಅದಕ್ಕೆ ಗೊತ್ತಿಲ್ಲ" ಎಂದರು.

ಆ ಮಾತು ಮತ್ತೆ ನೆನಪಾದದ್ದು ದೂರದೇಶದ ಒಂದು ಸರಕಿನ ಚರಿತ್ರೆಯನ್ನು ಓದುವಾಗ. 2025ರ ಫೆಬ್ರವರಿಯಲ್ಲಿ ಭಾರತ ಸರಕಾರವು ಅಮೆರಿಕದ ಬರ್ಬನ್ ವಿಸ್ಕಿಯ ಮೇಲಿನ ಆಮದು ಸುಂಕವನ್ನು ಶೇಕಡ 150ರಿಂದ 100ಕ್ಕೆ ಇಳಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಎರಡು ಸರಕಾರಗಳು ಕುಳಿತು ಮಾತಾಡುವಂಥ ಈ ಬರ್ಬನ್ ಯಾವುದು ಎಂದು ತಿಳಿಯಹೊರಟವನು, ಅದರ ಹಳೆಯ ಬಾಟಲಿಗಳನ್ನು ಸಂಗ್ರಹಿಸುವವರ ಲೋಕಕ್ಕೆ ಹೋಗಿ ಮುಟ್ಟಿದೆ. ಮನೆಯ ಹಿರಿಯರೂ ಈ ಸಂಚಿಕೆಯನ್ನು ಓದುತ್ತಾರೆಂಬ ಅರಿವು ನನಗಿದೆ. ಇಲ್ಲಿ ಕುಡಿತದ ಹೊಗಳಿಕೆ ಇಲ್ಲ, ನಾನು ಅದರ ರುಚಿ ಕಂಡವನೂ ಅಲ್ಲ. ನನ್ನ ಕುತೂಹಲವೆಲ್ಲ ಬಾಟಲಿಯ ಮೇಲಿನ ಚೀಟಿ, ಮೊಹರು, ಸಂಖ್ಯೆಗಳ ಬಗ್ಗೆ. ಅದು ನಮ್ಮ ಕೌಂಟರಿನ ಕೆಲಸಕ್ಕೆ ತೀರ ಹತ್ತಿರದ್ದು.

ಬರ್ಬನ್ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಯಾರಾದ ವಿಸ್ಕಿ. ಅದರ ಧಾನ್ಯದಲ್ಲಿ ಕಡಿಮೆಯೆಂದರೆ ಶೇಕಡ 51 ಪಾಲು ಮುಸುಕಿನ ಜೋಳವಿರಬೇಕು. ಒಳಮೈಯನ್ನು ಸುಟ್ಟು ಕರಿಕು ಮಾಡಿದ ಹೊಸ ಓಕ್ ಪೀಪಾಯಿಯಲ್ಲಿ ಅದನ್ನು ಇಡಬೇಕು. 1964ರಲ್ಲಿ ಅಲ್ಲಿನ ಸಂಸತ್ತು ಇದನ್ನು ತಮ್ಮ ದೇಶದ್ದೇ ಆದ ವಿಶಿಷ್ಟ ಸರಕೆಂದು ನಿರ್ಣಯಿಸಿತು. ಕೆಂಟಕಿ ರಾಜ್ಯವೇ ಇದರ ತವರು. ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ವಿಸ್ಕಿ ಮಾಗುವುದು ಪೀಪಾಯಿಯಲ್ಲಿ ಮಾತ್ರ, ಬಾಟಲಿಗೆ ತುಂಬಿದ ಮೇಲೆ ಅದು ಮಾಗುವುದಿಲ್ಲ. 1940ರಲ್ಲಿ ತುಂಬಿ ಸರಿಯಾಗಿ ಮುಚ್ಚಿಟ್ಟ ಬಾಟಲಿಯಲ್ಲಿ ಹೆಚ್ಚುಕಡಿಮೆ 1940ರ ವಿಸ್ಕಿಯೇ ಉಳಿದಿರುತ್ತದೆ. ಈಗ ಮುಚ್ಚಿಹೋದ ಕಾರ್ಖಾನೆಯ ಕೈಕೆಲಸ ಗಾಜಿನೊಳಗೆ ಹಾಗೆಯೇ ಕುಳಿತಿರುವುದರಿಂದ ಅದಕ್ಕೆ ಬೆಲೆ. ಬೆಲೆ ಬಂದಲ್ಲಿ ಮೋಸವೂ ಬರುತ್ತದೆ.

ನಿಜ ಹೇಳಬೇಕೆಂದರೆ ಮೋಸವೇ ಮೊದಲು ಬಂದದ್ದು. ಹತ್ತೊಂಬತ್ತನೆಯ ಶತಮಾನದ ಬಹುಕಾಲ ವಿಸ್ಕಿ ಪೀಪಾಯಿಯಲ್ಲಿಯೇ ಮಾರಾಟವಾಗುತ್ತಿತ್ತು. ಅಂಗಡಿಯವನು ಅದರಿಂದ ಜಾಡಿಗೆ ಸುರಿದು ಕೊಡುತ್ತಿದ್ದ. ಕಾರ್ಖಾನೆಯಿಂದ ಗಿರಾಕಿಯ ಕೈಗೆ ಬರುವ ದಾರಿಯಲ್ಲಿ ಯಾರು ಏನು ಬೆರೆಸಿದರೆಂದು ತಿಳಿಯುತ್ತಿರಲಿಲ್ಲ. ಬಣ್ಣವಿಲ್ಲದ ಅಗ್ಗದ ಸಾರಾಯಿಗೆ ಸುಟ್ಟ ಸಕ್ಕರೆ, ಒಣಹಣ್ಣಿನ ರಸ, ತಂಬಾಕಿನ ನೀರು ಸೇರಿಸಿ 'ಹಳೆಯ ವಿಸ್ಕಿ' ಎಂದು ಮಾರುವವರಿದ್ದರು. ಆ ಕಾಲದಲ್ಲಿ ವೈದ್ಯರು ವಿಸ್ಕಿಯನ್ನು ಔಷಧವಾಗಿಯೂ ಬರೆದುಕೊಡುತ್ತಿದ್ದರು, ಹಾಗಾಗಿ ಇದು ಕುಡುಕರೊಬ್ಬರ ಪಾಡಾಗಿರಲಿಲ್ಲ. ಲೂಯಿವಿಲ್ ನಗರದಲ್ಲಿ ಔಷಧ ಮಾರಾಟದ ಅನುಭವವಿದ್ದ ಜಾರ್ಜ್ ಗಾರ್ವಿನ್ ಬ್ರೌನ್ 1870ರಲ್ಲಿ ತನ್ನ 'ಓಲ್ಡ್ ಫಾರೆಸ್ಟರ್' ವಿಸ್ಕಿಯನ್ನು ಮುಚ್ಚಿ ಮೊಹರು ಹಾಕಿದ ಬಾಟಲಿಯಲ್ಲಿಯೇ ಮಾರತೊಡಗಿದ. ಇಂದು ನಮಗೆ ಸಾಮಾನ್ಯವೆನಿಸುವ ಈ ಉಪಾಯ ಅಂದು ಹೊಸತು.

ಆದರೆ ಖಾಸಗಿ ಮೊಹರನ್ನು ಯಾರು ಬೇಕಾದರೂ ಹಾಕಬಹುದು. ಸರಕಾರದ ಮೊಹರಾದರೆ ನಂಬಬಹುದೆನ್ನೋಣವೆಂದರೆ, 1875ರಲ್ಲಿ 'ವಿಸ್ಕಿ ಕೂಟ'ದ ಹಗರಣ ಹೊರಬಿತ್ತು. ತೆರಿಗೆ ಅಧಿಕಾರಿಗಳೇ ಕಾರ್ಖಾನೆಯವರೊಡನೆ ಕೈಸೇರಿಸಿ, ಲಂಚ ತಿಂದು, ಲಕ್ಷಾಂತರ ಡಾಲರ್ ಸುಂಕವನ್ನು ನುಂಗಿದ್ದರು. ಖಜಾನೆ ಕಾರ್ಯದರ್ಶಿ ಬೆಂಜಮಿನ್ ಬ್ರಿಸ್ಟೋ ನಡೆಸಿದ ತನಿಖೆಯಿಂದ ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ನಕಲಿ ಛಾಪಾಕಾಗದದ ಹಗರಣವನ್ನು ಕಂಡ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ಛಾಪಾಕಾಗದವೆನ್ನಿ, ಮಲಯಾಳದಲ್ಲಿ ಮುದ್ರಪತ್ರವೆನ್ನಿ, ಬೆಲೆಯುಳ್ಳ ಮುದ್ರೆಗೆ ಕಳ್ಳನೂ ಹುಟ್ಟಿಕೊಳ್ಳುತ್ತಾನೆ.

ಈ ಹಿನ್ನೆಲೆಯಲ್ಲಿ 1897ರ ಮಾರ್ಚ್ 3ರಂದು 'ಬಾಟಲ್ಡ್ ಇನ್ ಬಾಂಡ್' ಕಾನೂನು ಬಂತು. ಕೆಂಟಕಿಯ ವಿಸ್ಕಿ ತಯಾರಕ ಎಡ್ಮಂಡ್ ಹೇನ್ಸ್ ಟೇಲರ್ ಮತ್ತು ಅದೇ ರಾಜ್ಯದವರಾದ ಖಜಾನೆ ಕಾರ್ಯದರ್ಶಿ ಜಾನ್ ಕಾರ್ಲೈಲ್ ಇದರ ಹಿಂದಿದ್ದರು. ಟೇಲರ್‌ಗೆ ತನ್ನ ಮಾಲು ಹೆಚ್ಚು ಹೋಗಬೇಕೆಂಬ ಸ್ವಾರ್ಥವೂ ಇತ್ತು. ಆದರೂ ಕಾನೂನು ಸ್ಪಷ್ಟವಾಗಿತ್ತು. ವಿಸ್ಕಿ ಒಂದೇ ಕಾರ್ಖಾನೆಯದಾಗಿರಬೇಕು, ಒಂದೇ ಋತುವಿನದಾಗಿರಬೇಕು, ಸರಕಾರದ ಬೀಗವಿರುವ ಉಗ್ರಾಣದಲ್ಲಿ ನಾಲ್ಕು ವರ್ಷಕ್ಕೆ ಕಡಿಮೆಯಿಲ್ಲದೆ ಇದ್ದು, ಶೇಕಡ 50ರ ಮದ್ಯಾಂಶದಲ್ಲಿ ಬಾಟಲಿಗೆ ತುಂಬಿರಬೇಕು. ಇಷ್ಟನ್ನೂ ಪೂರೈಸಿದ ಬಾಟಲಿಯ ಬಿರಡೆಯ ಮೇಲೆ ಹಸಿರು ಬಣ್ಣದ ಉದ್ದ ಕಾಗದದ ಪಟ್ಟಿಯನ್ನು ಅಂಟಿಸುತ್ತಿದ್ದರು. ಬಿರಡೆ ತೆಗೆಯಬೇಕಾದರೆ ಪಟ್ಟಿ ಹರಿಯಲೇಬೇಕು. ನಮ್ಮ ಕೇರಳದ ಬಿವರೇಜಸ್ ಮಳಿಗೆಯ ಬಾಟಲಿಗೆ ಅಂಟಿಸುವ ಅಬಕಾರಿ ಹೊಲೊಗ್ರಾಂ ಚೀಟಿಯೂ ಇದೇ ವಂಶದ್ದು.

ಹಸಿರು ಪಟ್ಟಿಯ ಹೆಚ್ಚುಗಾರಿಕೆ ಅದರಲ್ಲಿ ಬರೆದ ತಾರೀಕುಗಳಲ್ಲಿದೆ. ವಿಸ್ಕಿಯನ್ನು ಇಳಿಸಿದ ಋತು ಮತ್ತು ವರ್ಷ ಒಂದು ಬದಿ, ಬಾಟಲಿಗೆ ತುಂಬಿದ ಋತು ಮತ್ತು ವರ್ಷ ಇನ್ನೊಂದು ಬದಿ. ಜನವರಿಯಿಂದ ಜೂನ್ ತನಕ 'ವಸಂತ', ಜುಲೈಯಿಂದ ಡಿಸೆಂಬರ್ ತನಕ 'ಶರತ್'. ಗುಮಾಸ್ತನೊಬ್ಬ ಸುಂಕದ ಲೆಕ್ಕಕ್ಕಾಗಿ ಬರೆದಿಟ್ಟದ್ದೇ ನೂರು ವರ್ಷಗಳ ಬಳಿಕ ಚರಿತ್ರೆಯ ದಾಖಲೆಯಾಯಿತು.

1920ರ ಜನವರಿಯಿಂದ 1933ರ ಡಿಸೆಂಬರ್ ತನಕ ಅಮೆರಿಕದಲ್ಲಿ ಪಾನನಿಷೇಧವಿತ್ತು. ಆಗಲೂ ವೈದ್ಯರ ಚೀಟಿ ತೋರಿಸಿದವರಿಗೆ ಔಷಧದಂಗಡಿಯಲ್ಲಿ ಸಣ್ಣ ಬಾಟಲಿಯ ವಿಸ್ಕಿ ಸಿಗುತ್ತಿತ್ತು. ಆರು ಸಂಸ್ಥೆಗಳಿಗೆ ಅದರ ಪರವಾನಗಿ ಇತ್ತು. ಕಾರ್ಖಾನೆಗಳು ಬಾಗಿಲು ಹಾಕಿದ್ದರಿಂದ ಮೊದಲೇ ಇಳಿಸಿದ್ದ ವಿಸ್ಕಿ ಪೀಪಾಯಿಯಲ್ಲಿ ಹತ್ತು, ಹದಿನೈದು ವರ್ಷ ಉಳಿಯಿತು. ಆ ಕಾಲದ ಪಟ್ಟಿಗಳಲ್ಲಿ ಎರಡು ತಾರೀಕುಗಳ ನಡುವಿನ ಅಂತರ ದೊಡ್ಡದಾಗಿ ಕಾಣುವುದು ಈ ಕಾರಣದಿಂದ. ನಿಷೇಧದ ಕಾಲದ್ದೆಂದು ಹೇಳುವ ಬಾಟಲಿಯಲ್ಲಿ ಇಂಥ ಲೆಕ್ಕ ತಾಳೆಯಾಗದಿದ್ದರೆ ಸಂಗ್ರಾಹಕ ಎಚ್ಚರಾಗುತ್ತಾನೆ.

ಪಟ್ಟಿಯ ಹೊರತಾಗಿ ಗಾಜು ಕೂಡ ಮಾತಾಡುತ್ತದೆ. ಅಚ್ಚಿನ ಜೋಡಣೆಯ ಗೆರೆ ಕೊರಳಿನಲ್ಲಿಯೇ ನಿಂತಿದ್ದರೆ ಬಾಯಿಯನ್ನು ಕೈಯಿಂದ ಮಾಡಿದ್ದೆಂದು ತಿಳಿಯಬೇಕು. ಗೆರೆ ಬಾಯಿಯ ಅಂಚಿನ ತನಕ ಹೋಗಿದ್ದರೆ ಅದು ಯಂತ್ರದ್ದು, ಎಂದರೆ ಇಪ್ಪತ್ತನೆಯ ಶತಮಾನದ್ದು. ಮೈಕೆಲ್ ಓವೆನ್ಸ್‌ನ ಬಾಟಲಿ ಯಂತ್ರ ಬಳಕೆಗೆ ಬಂದದ್ದು ಆ ಶತಮಾನದ ಆರಂಭದಲ್ಲಿ. 1935ರಿಂದ 1964ರ ತನಕದ ಬಾಟಲಿಗಳ ಗಾಜಿನ ಮೇಲೆಯೇ, ಈ ಬಾಟಲಿಯ ಮಾರಾಟ ಅಥವಾ ಮರುಬಳಕೆಯನ್ನು ಕಾನೂನು ನಿಷೇಧಿಸಿದೆ ಎಂಬರ್ಥದ ಬರಹ ಉಬ್ಬಿಕೊಂಡಿರುತ್ತದೆ. ಖಾಲಿ ಬಾಟಲಿಗೆ ಕಳ್ಳಮಾಲು ತುಂಬುವವರನ್ನು ತಡೆಯಲು ಮಾಡಿದ ಉಪಾಯವದು. ಬಾಟಲಿಯ ತಳದಲ್ಲಿ ಗಾಜಿನ ಕಾರ್ಖಾನೆಯ ಗುರುತಿನ ಪಕ್ಕ ಹಲವೊಮ್ಮೆ ವರ್ಷದ ಕೊನೆಯ ಎರಡು ಅಂಕಿಗಳಿರುತ್ತವೆ. 1980ರಿಂದ ಅಳತೆ ಮೆಟ್ರಿಕ್ ಪದ್ಧತಿಗೆ ಬಂದು, ಕ್ವಾರ್ಟಿನ ಐದರಲ್ಲಿ ನಾಲ್ಕು ಪಾಲಿನ ಬಾಟಲಿಯ ಜಾಗಕ್ಕೆ 750 ಮಿಲಿಲೀಟರಿನದು ಬಂತು. ಸುಂಕದ ಪಟ್ಟಿ ಅಂಟಿಸುವ ಕಡ್ಡಾಯ 1985ರಲ್ಲಿ ಕೊನೆಗೊಂಡಿತು. 1989ರ ನವೆಂಬರಿನಿಂದ ಆರೋಗ್ಯದ ಎಚ್ಚರಿಕೆಯನ್ನು ಅಚ್ಚು ಹಾಕಲೇಬೇಕಾಯಿತು. 1950ರದ್ದೆಂದು ಹೇಳುವ ಬಾಟಲಿಯಲ್ಲಿ 750 ಮಿಲಿಲೀಟರ್ ಎಂದಿದ್ದರೆ ಮುಂದೆ ನೋಡಬೇಕಾದದ್ದೇನೂ ಇಲ್ಲ.

ಇನ್ನೊಂದು ಗುರುತು ಕಾರ್ಖಾನೆಯ ಸರಕಾರಿ ಸಂಖ್ಯೆ. ಬ್ರ್ಯಾಂಡಿನ ಹೆಸರು ಕೈಯಿಂದ ಕೈಗೆ ಮಾರಾಟವಾಗಬಹುದು, ಆದರೆ ಸಂಖ್ಯೆ ಕಾರ್ಖಾನೆಗೆ ಕಟ್ಟಿದ್ದು. 'ಓಲ್ಡ್ ಫಿಟ್ಜೆರಾಲ್ಡ್' ಎಂಬ ಬರ್ಬನ್ನನ್ನು ಲೂಯಿವಿಲ್ಲಿನ ಸ್ಟಿಟ್ಜೆಲ್-ವೆಲ್ಲರ್ ಕಾರ್ಖಾನೆ ತಯಾರಿಸುತ್ತಿತ್ತು. 1935ರಲ್ಲಿ ತೆರೆದ ಅದು 1992ರಲ್ಲಿ ವಿಸ್ಕಿ ಇಳಿಸುವುದನ್ನು ನಿಲ್ಲಿಸಿತು. ಬಾಟಲಿಯ ಹೆಸರು ಮಾತ್ರ ಬೇರೆ ಕಾರ್ಖಾನೆಯ ವಿಸ್ಕಿಯೊಡನೆ ಮುಂದುವರಿಯಿತು. ಆದ್ದರಿಂದ ಬಲ್ಲವರು ಹೆಸರನ್ನು ಬಿಟ್ಟು ಕೆಂಟಕಿಯ 16ನೆಯ ಸಂಖ್ಯೆಯನ್ನು ಹುಡುಕುತ್ತಾರೆ. ಖಾತೆದಾರನ ಹೆಸರಿಗಿಂತ ಖಾತೆಯ ಸಂಖ್ಯೆಯನ್ನು ನೋಡುವ ನಮ್ಮ ಅಭ್ಯಾಸವೇ ಇದು.

1970, 80ರ ದಶಕಗಳಲ್ಲಿ ಬರ್ಬನ್ ಅಮೆರಿಕದಲ್ಲಿಯೇ ಬೇಡದ ಸರಕಾಗಿತ್ತು. ಹಳೆಯ ದಾಸ್ತಾನಿನ ದೊಡ್ಡ ಗಿರಾಕಿ ಜಪಾನ್. ಆಮೇಲೆ ಕಾಲ ತಿರುಗಿತು. 1996ರಲ್ಲಿ 20 ವರ್ಷ ಮಾಗಿದ 'ಪ್ಯಾಪಿ ವ್ಯಾನ್ ವಿಂಕಲ್'ಗೆ ಪರೀಕ್ಷಕರು ನೂರಕ್ಕೆ 99 ಅಂಕ ಕೊಟ್ಟರು. ಮುಂದಿನ ವರ್ಷಗಳಲ್ಲಿ ಅದರ ಬೆಲೆ ಸಾಮಾನ್ಯರ ಕೈಗೆ ಎಟಕದಷ್ಟು ಮೇಲೇರಿತು. 2013ರಲ್ಲಿ ಇನ್ನೂರಕ್ಕೂ ಹೆಚ್ಚು ಬಾಟಲಿಗಳು ಕಾರ್ಖಾನೆಯಿಂದ ಕಾಣೆಯಾದವು. ಕದ್ದ ಬಾಟಲಿ ಅಸಲಿಯಾದರೂ ಆಗಿರುತ್ತದೆ, ಅದಕ್ಕಿಂತ ಕಷ್ಟದ್ದು ಖಾಲಿ ಬಾಟಲಿಯ ವ್ಯಾಪಾರ. ದುಬಾರಿ ವಿಸ್ಕಿಯ ಖಾಲಿ ಬಾಟಲಿಗೂ ಬೆಲೆ ಬಂತು. ಅದಕ್ಕೆ ಅಗ್ಗದ ವಿಸ್ಕಿ ತುಂಬಿ, ಹೊಸ ಬಿರಡೆ ಹಾಕಿ ಮಾರಿದರೆ ಗಾಜು ಅಸಲಿ, ಚೀಟಿ ಅಸಲಿ, ಸಂಖ್ಯೆ ಅಸಲಿ. ಒಳಗಿರುವುದು ಮಾತ್ರ ಬೇರೆ. ನನ್ನ ಐನೂರರ ಕಟ್ಟಿನ ಕತೆಯೇ ಅದು.

ಇಲ್ಲಿ ವಿಜ್ಞಾನ ಸ್ವಲ್ಪ ಸಹಾಯಕ್ಕೆ ಬಂದಿದೆ. ಜೋಳದ ಗಿಡ ಬೆಳೆಯುವಾಗ ಗಾಳಿಯಿಂದ ಇಂಗಾಲವನ್ನು ಹೀರುತ್ತದೆ. 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಆಮೇಲಿನ ಬೆಳೆಯ ಮದ್ಯದಲ್ಲಿ ಆ ಗುರುತು ಇರುತ್ತದೆ. ಹತ್ತೊಂಬತ್ತನೆಯ ಶತಮಾನದ್ದೆಂದು ಹೇಳುವ ವಿಸ್ಕಿಯಲ್ಲಿ ಅದು ಕಂಡರೆ ಮಾತು ಮುಗಿಯಿತು. 2018ರಲ್ಲಿ ಸ್ಕಾಟ್ಲೆಂಡಿನಲ್ಲಿ 55 ಹಳೆಯ ಸ್ಕಾಚ್ ಬಾಟಲಿಗಳನ್ನು ಹೀಗೆ ಪರೀಕ್ಷಿಸಿದಾಗ 21 ಬಾಟಲಿಗಳು ನಕಲಿ ಅಥವಾ ಹೇಳಿದ ವರ್ಷದವಲ್ಲ ಎಂದು ತಿಳಿಯಿತು.

ಬರ್ಬನ್ನಿನಲ್ಲಿ ಇದರ ಪ್ರಸಿದ್ಧ ಉದಾಹರಣೆ 'ಓಲ್ಡ್ ಇಂಗಲ್‌ಡ್ಯೂ' ಎಂಬ ಬಾಟಲಿ. ಜಾರ್ಜಿಯ ರಾಜ್ಯದ ಲಗ್ರೇಂಜ್ ಎಂಬ ಊರಿನ ವ್ಯಾಪಾರಿಗಳು ಅದನ್ನು ತುಂಬಿಸಿದ್ದರು. ಒಂದು ಕಾಲಕ್ಕೆ ಅದು ಪ್ರಸಿದ್ಧ ಬ್ಯಾಂಕರ್ ಜೆ. ಪಿ. ಮಾರ್ಗನ್ ಅವರ ನೆಲಮಾಳಿಗೆಯಲ್ಲಿತ್ತು. ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ, ಇದು ಬಹುಶಃ 1865ಕ್ಕೂ ಹಿಂದಿನದು, ಮಾರ್ಗನ್ ಮನೆಯಿಂದ ಬಂದದ್ದು ಎಂಬ ವಿವರವಿತ್ತು. ಬಿರಡೆಯ ಮೂಲಕ ಸೂಜಿ ತೂರಿಸಿ ತೆಗೆದ ಮಾದರಿಯನ್ನು ಪರೀಕ್ಷಿಸಿದಾಗ ಅದು 1763 ಮತ್ತು 1803ರ ನಡುವಿನದಾಗಿರುವ ಸಂಭವವೇ ಹೆಚ್ಚು ಎಂದಾಯಿತು. 2021ರ ಹರಾಜಿನಲ್ಲಿ 1,37,500 ಡಾಲರಿಗೆ, ಅಂದಿನ ಲೆಕ್ಕದಲ್ಲಿ ಸುಮಾರು ಒಂದು ಕೋಟಿ ರೂಪಾಯಿಗೆ, ಮಾರಾಟವಾಯಿತು. ಕೊಂಡದ್ದು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯ.

ಪರೀಕ್ಷೆ ಹೇಳಿದ್ದು ಧಾನ್ಯದ ವಯಸ್ಸನ್ನು ಮಾತ್ರ. ಯಾರು ಇಳಿಸಿದರು, ಯಾರ ಮನೆಯಲ್ಲಿತ್ತು ಎಂಬುದನ್ನು ಇಂಗಾಲ ಹೇಳಲಾರದು. ಅದನ್ನು ಹೇಳಿದ್ದು 'ಬಹುಶಃ' ಎಂದು ಬರೆದ ಆ ಬಡ ಚೀಟಿ. ತಿಳಿದಷ್ಟನ್ನೇ ಬರೆದು, ಇಲ್ಲದ್ದನ್ನು ಸೇರಿಸದೆ ಬಿಟ್ಟವರ ಪ್ರಾಮಾಣಿಕತೆ ಮುಂದೆ ಬಂದ ಪರೀಕ್ಷೆಗೂ ಹೊಂದಿಕೊಂಡಿತು. 2018ರಿಂದ ಕೆಂಟಕಿಯಲ್ಲಿ ಪರವಾನಗಿಯುಳ್ಳ ಅಂಗಡಿಗಳು ಖಾಸಗಿಯವರಿಂದ ಹಳೆಯ ಬಾಟಲಿಗಳನ್ನು ಕೊಂಡು ಮಾರಲು ಕಾನೂನಿನ ಒಪ್ಪಿಗೆ ಇದೆ. ಅಲ್ಲಿಯೂ ಬಲ್ಲವರು ಕೇಳುವ ಮೊದಲ ಪ್ರಶ್ನೆ ಒಂದೇ: ಇದು ಎಲ್ಲಿತ್ತು, ಯಾರ ಕೈಯಿಂದ ಬಂತು?

ನಮ್ಮ ಮನೆಗಳ ಅಟ್ಟದಲ್ಲಿ ವಿಸ್ಕಿಯಿಲ್ಲ. ತಾಳೆಗರಿಯ ಕಟ್ಟು, ಅಜ್ಜನ ಕಾಲದ ದಸ್ತಾವೇಜು, ಯಕ್ಷಗಾನ ಪ್ರಸಂಗದ ಕೈಬರಹದ ಪುಸ್ತಕ, ಒಂದೆರಡು ಹಳೆಯ ಫೋಟೋ ಇರುತ್ತವೆ. ಅವು ಯಾರಿಂದ ಬಂದವು, ಚಿತ್ರದಲ್ಲಿರುವವರು ಯಾರು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಖಚಿತವಿಲ್ಲದಲ್ಲಿ 'ಬಹುಶಃ' ಎಂದೇ ಬರೆದರಾಯಿತು.

ನಮ್ಮ ಶಾಖೆಯಲ್ಲಿ ಈಗ ನೋಟು ಪರೀಕ್ಷಿಸುವ ಯಂತ್ರವಿದೆ. ಆ ಹಿರಿಯರು ನಿವೃತ್ತರಾಗಿ ಬಹುಕಾಲವಾಯಿತು. ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ನಾನು ಕಟ್ಟನ್ನು ಬಿಚ್ಚದೆ ತೆಗೆದುಕೊಳ್ಳುವುದಿಲ್ಲ.