ಚೊಚ್ಚಲ ಹೆರಿಗೆಯಲ್ಲಿ ಐಚ್ಛಿಕ ಇಂಡಕ್ಷನ್: 39ನೇ ವಾರದ ಪುರಾವೆ ಮತ್ತು ಕರ್ನಾಟಕದ ಹೆರಿಗೆ ವಾರ್ಡು

ತಾಯಿಗಾಗಲಿ ಮಗುವಿಗಾಗಲಿ ತೊಂದರೆಯೇನೂ ಕಾಣದಿದ್ದರೂ ದಿನ ತುಂಬಿದ ಬಸುರಿಗೆ ಔಷಧಿ ಕೊಟ್ಟು ನೋವು ಬರಿಸುವುದೇ ಐಚ್ಛಿಕ ಇಂಡಕ್ಷನ್. ರಕ್ತದೊತ್ತಡ ಏರಿದಾಗ, ಮಧುಮೇಹವಿದ್ದಾಗ, ನೀರು ಒಡೆದೂ ನೋವು ಬಾರದಿದ್ದಾಗ ನೋವು ಬರಿಸುವುದಕ್ಕೆ ಪ್ರಸೂತಿ ತಜ್ಞರಲ್ಲಿ ಹೆಚ್ಚಿನ ತಕರಾರಿಲ್ಲ. ತಕರಾರು ಇರುವುದು ಎಲ್ಲವೂ ಸರಿಯಾಗಿರುವ ಹೆಂಗಸಿನ ವಿಷಯದಲ್ಲಿ. 39 ವಾರ ತುಂಬಿದ ಮೇಲೆ ಆಕೆ ತಾನಾಗಿ ನೋವು ಬರಲೆಂದು ಕಾಯಬೇಕೇ, ದಿನ ಗೊತ್ತುಮಾಡಿಕೊಂಡು ಆಸ್ಪತ್ರೆ ಸೇರಬಹುದೇ? 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಈ ಪ್ರಶ್ನೆಗೆ ಅನೇಕರು ನಿರೀಕ್ಷಿಸದ ಉತ್ತರ ಕೊಟ್ಟಿತು. ಆ ಉತ್ತರ ಗಟ್ಟಿಯಾದದ್ದು. ಆದರೆ ಅದು ನಿಂತಿರುವುದು ಮೂರು ಷರತ್ತುಗಳ ಮೇಲೆ: ಬಸಿರಿನ ವಾರದ ಲೆಕ್ಕ ಖಚಿತವಾಗಿರಬೇಕು, ಹೆರಿಗೆ ವಾರ್ಡಿಗೆ ಕಾಯುವ ತಾಳ್ಮೆ ಇರಬೇಕು, ತೀರ್ಮಾನ ಹೆರುವವಳದೇ ಆಗಿರಬೇಕು. ಕರ್ನಾಟಕದಲ್ಲಿ ಈ ಮೂರೂ ಎಷ್ಟರಮಟ್ಟಿಗೆ ಈಡೇರುತ್ತವೆ ಎಂಬುದನ್ನು ನೋಡದೆ ಆ ಉತ್ತರವನ್ನು ಇಲ್ಲಿಗೆ ತರಲಾಗದು ಎಂಬುದೇ ಈ ಲೇಖನದ ವಾದ.

ನೋವು ಬರಿಸಿದರೆ ಕೊನೆಗೆ ಸಿಸೇರಿಯನ್ನೇ ಗತಿ ಎಂಬ ನಂಬಿಕೆ ಜನಸಾಮಾನ್ಯರದಷ್ಟೇ ಅಲ್ಲ. ದಶಕಗಳ ಕಾಲ ವೈದ್ಯರೂ ಹಾಗೇ ನಂಬಿದ್ದರು, ಅದಕ್ಕೆ ಅಂಕಿಸಂಖ್ಯೆಗಳ ಬೆಂಬಲವೂ ಇತ್ತು. ಆಸ್ಪತ್ರೆಯ ದಾಖಲೆ ತೆಗೆದು, ಇಂಡಕ್ಷನ್ ಆದವರನ್ನು ಒಂದು ಕಡೆ, ತಾನಾಗಿ ನೋವು ಬಂದವರನ್ನು ಇನ್ನೊಂದು ಕಡೆ ಇಟ್ಟು ನೋಡಿದರೆ ಮೊದಲ ಗುಂಪಿನಲ್ಲಿ ಸಿಸೇರಿಯನ್ ಹೆಚ್ಚು ಕಾಣುತ್ತದೆ. ಈ ಹೋಲಿಕೆಯಲ್ಲೇ ದೋಷವಿದೆ. 39ನೇ ವಾರದಲ್ಲಿ ಕುಳಿತು ಯೋಚಿಸುತ್ತಿರುವ ಹೆಂಗಸಿನ ಮುಂದೆ 'ಇಂದೇ ತಾನಾಗಿ ನೋವು ಬರಲಿ' ಎಂಬ ಆಯ್ಕೆ ಇಲ್ಲವೇ ಇಲ್ಲ. ಅವಳಿಗಿರುವುದು ಎರಡೇ ದಾರಿ: ಇಂಡಕ್ಷನ್, ಇಲ್ಲವೇ ಕಾಯುವುದು. ಕಾದವರಲ್ಲಿ ಕೆಲವರಿಗೆ ನಾಳೆಯೇ ನೋವು ಬರುತ್ತದೆ. ಕೆಲವರಿಗೆ ಇನ್ನೊಂದು ವಾರದಲ್ಲಿ ರಕ್ತದೊತ್ತಡ ಏರುತ್ತದೆ. ಕೆಲವರ ಗರ್ಭದ ನೀರು ಕಡಿಮೆಯಾಗಿ, ಕೊನೆಗೆ 41ನೇ ವಾರದಲ್ಲಿ ಇಂಡಕ್ಷನ್ನೇ ಆಗುತ್ತದೆ. ಕಾದದ್ದರ ಫಲವೆಂದರೆ ಇವೆಲ್ಲ ಸೇರಿದ್ದು. ತಾನಾಗಿ ನೋವು ಬಂದ ಅದೃಷ್ಟವಂತರನ್ನಷ್ಟೇ ಆರಿಸಿ ಹೋಲಿಸಿದರೆ ಇಂಡಕ್ಷನ್ ಸೋಲದೆ ಇರುವುದಿಲ್ಲ. ಈ ವಿಷಯದ ಹಳೆಯ ಸಾಹಿತ್ಯವನ್ನು ಓದುವಾಗ, ಹೊಸದರಲ್ಲೂ ಸಾಕಷ್ಟನ್ನು ಓದುವಾಗ, ಮೊದಲು ಕೇಳಬೇಕಾದ ಪ್ರಶ್ನೆ ಇದು: ಹೋಲಿಕೆ ಯಾರೊಂದಿಗೆ ನಡೆದಿದೆ?

'ಅರೈವ್' ಎಂದು ಹೆಸರಾದ ಪ್ರಯೋಗ ಈ ಪ್ರಶ್ನೆಯನ್ನು ಸರಿಯಾಗಿ ಕೇಳಿತು. ವಿಲಿಯಂ ಗ್ರೋಬ್‌ಮನ್ ಮತ್ತು ಸಂಗಡಿಗರು ಅಮೆರಿಕದ 41 ಆಸ್ಪತ್ರೆಗಳಲ್ಲಿ ನಡೆಸಿದ ಇದರ ವರದಿ 2018ರ ಆಗಸ್ಟ್‌ನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂತು. ಚೊಚ್ಚಲ ಬಸಿರಿನ, ಅಪಾಯದ ಲಕ್ಷಣಗಳಿಲ್ಲದ 6,106 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ 39 ವಾರ ತುಂಬಿದ ಐದು ದಿನಗಳೊಳಗೆ ಇಂಡಕ್ಷನ್. ಇನ್ನೊಂದು ಗುಂಪು, ನಡುವೆ ವೈದ್ಯಕೀಯ ಕಾರಣ ಬಾರದಿದ್ದರೆ, ಕನಿಷ್ಠ 40 ವಾರ 5 ದಿನದವರೆಗೆ ಕಾಯುವುದು. ಮಗುವಿನ ಸಾವು ಅಥವಾ ತೀವ್ರ ತೊಂದರೆ ಇಂಡಕ್ಷನ್ ಗುಂಪಿನಲ್ಲಿ ಶೇ 4.3, ಕಾದವರಲ್ಲಿ ಶೇ 5.4. ಸಿಸೇರಿಯನ್ ಇಂಡಕ್ಷನ್ ಗುಂಪಿನಲ್ಲಿ ಶೇ 18.6, ಕಾದವರಲ್ಲಿ ಶೇ 22.2. ಬಸಿರಿನ ರಕ್ತದೊತ್ತಡದ ಕಾಯಿಲೆಗಳು ಕ್ರಮವಾಗಿ ಶೇ 9.1 ಮತ್ತು ಶೇ 14.1. ಅಂದರೆ 28 ಮಂದಿಗೆ 39ನೇ ವಾರದಲ್ಲಿ ನೋವು ಬರಿಸಿದರೆ ಒಂದು ಸಿಸೇರಿಯನ್ ತಪ್ಪುತ್ತದೆ. ಇಂಡಕ್ಷನ್ ಸಿಸೇರಿಯನ್ನನ್ನು ಹೆಚ್ಚಿಸುತ್ತದೆ ಎಂಬ ಮಾತನ್ನು ಈ ಪ್ರಯೋಗದ ನಂತರ ಹಿಂದಿನಂತೆ ಹೇಳುವ ಹಾಗಿಲ್ಲ. 35 ದಾಟಿದ 619 ಚೊಚ್ಚಲ ಬಸುರಿಯರ ಮೇಲೆ ಬ್ರಿಟನ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಸಿಸೇರಿಯನ್ ಪ್ರಮಾಣ ಎರಡೂ ಗುಂಪುಗಳಲ್ಲಿ ಬಹುತೇಕ ಒಂದೇ ಆಗಿತ್ತು: ಶೇ 32 ಮತ್ತು ಶೇ 33.

ಆದರೂ ಅರೈವ್ ಏನನ್ನು ಹೇಳಲಿಲ್ಲ ಎಂಬುದನ್ನೂ ಅಷ್ಟೇ ಎಚ್ಚರದಿಂದ ಓದಬೇಕು. ಮಗುವಿನ ಕ್ಷೇಮವೇ ಆ ಪ್ರಯೋಗದ ಮುಖ್ಯ ಪ್ರಶ್ನೆಯಾಗಿತ್ತು. ಅಲ್ಲಿ ಕಂಡ ವ್ಯತ್ಯಾಸ ಸಂಶೋಧಕರು ಮೊದಲೇ ನಿಗದಿ ಮಾಡಿಕೊಂಡಿದ್ದ ಸಂಖ್ಯಾಶಾಸ್ತ್ರೀಯ ಗೆರೆಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. 'ಮಗುವಿಗೆ ಒಳ್ಳೆಯದು' ಎಂದು ಅದರ ಆಧಾರದ ಮೇಲೆ ಹೇಳಲು ಬರುವುದಿಲ್ಲ. 'ಮಗುವಿಗೆ ಕೆಟ್ಟದ್ದಾಗಲಿಲ್ಲ' ಎಂದು ಹೇಳಬಹುದು. ಭಾಗವಹಿಸಲು ಅರ್ಹರಾಗಿದ್ದ 22,533 ಮಂದಿಯಲ್ಲಿ ಒಪ್ಪಿದವರು ಶೇ 27 ಮಾತ್ರ. ಉಳಿದವರು ತಮ್ಮ ಹೆರಿಗೆಯನ್ನು ಹೀಗೆ ಹಂಚಿಕೆಗೆ ಒಡ್ಡಲು ಬಯಸಲಿಲ್ಲ, ಅದೂ ಒಂದು ಉತ್ತರವೇ. ಇಂಡಕ್ಷನ್ ಆದವರು ಹೆರಿಗೆ ವಾರ್ಡಿನಲ್ಲಿ ಕಳೆದ ಮಧ್ಯಾಂಕ ಅವಧಿ 20 ಗಂಟೆ, ಕಾದವರದು 14 ಗಂಟೆ. ಈ ಆರು ಗಂಟೆಗಳ ಅಂತರ ಒಬ್ಬ ಹೆಂಗಸಿಗೆ ಸಹಿಸಬಲ್ಲದ್ದಿರಬಹುದು. ಒಂದೇ ಮಂಚದಲ್ಲಿ ಒಬ್ಬರು ಎದ್ದೊಡನೆ ಇನ್ನೊಬ್ಬರನ್ನು ಮಲಗಿಸಬೇಕಾದ ತಾಲ್ಲೂಕು ಆಸ್ಪತ್ರೆಗೆ ಅದು ಬೇರೆಯೇ ಲೆಕ್ಕ.

39ನೇ ವಾರದ ಮಾತು ಹೀಗೆ ಆಯ್ಕೆಯ ಮಾತು. 41ನೇ ವಾರದ್ದು ಹಾಗಲ್ಲ, ಇವೆರಡನ್ನು ಕಲಸುವುದು ಅಪಾಯ. ಸ್ವೀಡನ್ನಿನ 14 ಆಸ್ಪತ್ರೆಗಳಲ್ಲಿ 2,760 ಹೆಂಗಸರನ್ನು ಸೇರಿಸಿಕೊಂಡ 'ಸ್ವೆಪಿಸ್' ಪ್ರಯೋಗ 41 ವಾರಕ್ಕೆ ನೋವು ಬರಿಸುವುದನ್ನು 42ರವರೆಗೆ ಕಾಯುವುದರೊಂದಿಗೆ ಹೋಲಿಸಿತು. ಕಾದವರ ಗುಂಪಿನಲ್ಲಿ ಆರು ಶಿಶುಗಳು ತೀರಿಕೊಂಡವು, ಇಂಡಕ್ಷನ್ ಗುಂಪಿನಲ್ಲಿ ಒಂದೂ ಇಲ್ಲ. ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. 2020ರ ಕಾಕ್ರೇನ್ ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಇಂಡಕ್ಷನ್ ಕಡೆ 4 ಸಾವು, ಕಾಯುವ ಕಡೆ 25 ಸಾವು ಕಂಡವು. ಅಪಾಯ ಒಟ್ಟಾರೆ ಸಣ್ಣದೇ. 40 ವಾರ ದಾಟಿ 41ರವರೆಗೆ ಕಾದ ಸುಮಾರು 1,449 ಹೆಂಗಸರಲ್ಲಿ ಒಂದು ಹೆಚ್ಚುವರಿ ನಿರ್ಜೀವ ಜನನ ಎಂದು 2019ರ ಒಂದು ದೊಡ್ಡ ವಿಶ್ಲೇಷಣೆ ಅಂದಾಜು ಮಾಡಿತು. ಆದರೆ ಅಲ್ಲಿಂದ ಮುಂದೆ ಅದು ದಿನದಿಂದ ದಿನಕ್ಕೆ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ 41 ವಾರ ತುಂಬಿದವರಿಗೆ ಇಂಡಕ್ಷನ್ ಶಿಫಾರಸು ಮಾಡಿತು. ತೊಂದರೆಯಿಲ್ಲದ ಬಸಿರಿನಲ್ಲಿ ಅದಕ್ಕಿಂತ ಮುಂಚೆ ಶಿಫಾರಸು ಮಾಡಲಿಲ್ಲ. ಅದೇ ವರ್ಷ ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು ಅರೈವ್ ಆಧಾರದ ಮೇಲೆ, ಚೊಚ್ಚಲ ಬಸುರಿಯರಿಗೆ 39ರಲ್ಲಿ ಇಂಡಕ್ಷನ್ ಅವಕಾಶವನ್ನು ಮುಂದಿಡುವುದು ಸಮಂಜಸ ಎಂದಿತು. ವ್ಯತ್ಯಾಸಕ್ಕೆ ಕಾರಣ ವಿಜ್ಞಾನದ ಭಿನ್ನಮತಕ್ಕಿಂತ ಹೆಚ್ಚಾಗಿ ಯಾವ ಆಸ್ಪತ್ರೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದರು ಎಂಬುದು ಎಂದೇ ನನ್ನ ಗ್ರಹಿಕೆ.

ಈಗ ಮೊದಲ ಷರತ್ತಿಗೆ ಬರೋಣ. ಎಲ್ಲ ಲೆಕ್ಕವೂ '39' ಎಂಬ ಅಂಕಿಯ ಮೇಲೆ ನಿಂತಿದೆ. ಆ ಅಂಕಿ ಎಲ್ಲಿಂದ ಬರುತ್ತದೆ? ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಉದ್ದ ಅಳೆದು ತೆಗೆದ ವಾರ ಐದರಿಂದ ಏಳು ದಿನದ ಹೆಚ್ಚುಕಡಿಮೆಯಲ್ಲಿ ಸರಿಯಿರುತ್ತದೆ. ಕೊನೆಯ ಮೂರು ತಿಂಗಳ ಸ್ಕ್ಯಾನಿಂಗ್‌ನಿಂದ ತೆಗೆದರೆ ತಪ್ಪು ಮೂರು ವಾರದಷ್ಟಾಗಬಹುದು. ಮುಟ್ಟಿನ ದಿನಾಂಕ ನೆನಪಿಲ್ಲದವರು, ಮುಟ್ಟು ಏರುಪೇರಾಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಇದರ ಮೇಲೆ ನಮ್ಮದೇ ಆದ ಒಂದು ಪದ್ಧತಿಯಿದೆ: ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿ ಏಳನೆಯದೋ ಒಂಬತ್ತನೆಯದೋ ತಿಂಗಳಿಗೆ ಹುಡುಗಿ ಬೆಂಗಳೂರಿನಿಂದ ಹಾವೇರಿಗೆ, ಹುಬ್ಬಳ್ಳಿಯಿಂದ ಸಿರಸಿಗೆ ಹೋಗುತ್ತಾಳೆ. ಅರೈವ್ ಪ್ರಯೋಗ ಯಾರನ್ನು ಕುರಿತದ್ದೋ ಆ ಚೊಚ್ಚಲ ಬಸುರಿಯೇ ಇಲ್ಲಿ ಬಸಿರಿನ ಕೊನೆಯಲ್ಲಿ ವೈದ್ಯರನ್ನು, ಆಸ್ಪತ್ರೆಯನ್ನು ಬದಲಿಸುವವಳು. ತಾಯಿ ಕಾರ್ಡ್ ಜೊತೆಗೆ ಬರುತ್ತದೆ, ಆದರೆ ಮೊದಲ ಸ್ಕ್ಯಾನಿಂಗ್ ವರದಿ ಗಂಡನ ಮನೆಯ ಬೀರುವಿನಲ್ಲೇ ಉಳಿದಿರಬಹುದು. ಹೊಸ ವೈದ್ಯರ ಕೈಗೆ ಸಿಗುವುದು ಒಂಬತ್ತನೇ ತಿಂಗಳ ಸ್ಕ್ಯಾನಿಂಗ್ ಹೇಳುವ ದಿನಾಂಕ.

ಎರಡು ವಾರದ ತಪ್ಪು ಏನು ಮಾಡೀತು ಎಂಬುದಕ್ಕೆ ಅಂದಾಜು ಬೇಕಿದ್ದರೆ 2009ರ ಇನ್ನೊಂದು ಅಮೆರಿಕನ್ ಅಧ್ಯಯನ ನೋಡಬಹುದು. ಅದು ಇಂಡಕ್ಷನ್ ಕುರಿತದ್ದಲ್ಲ, ಮೊದಲೇ ದಿನ ಗೊತ್ತುಮಾಡಿದ ಮರು ಸಿಸೇರಿಯನ್ ಕುರಿತದ್ದು; ಹಾಗಾಗಿ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ದಿಕ್ಕು ಸ್ಪಷ್ಟ. 39ನೇ ವಾರದಲ್ಲಿ ಹುಟ್ಟಿದ ಮಕ್ಕಳಲ್ಲಿ ಉಸಿರಾಟದ ತೊಂದರೆಯೂ ಸೇರಿದಂತೆ ಸಮಸ್ಯೆ ಕಂಡದ್ದು ಶೇ 8ರಷ್ಟರಲ್ಲಿ, 38ರಲ್ಲಿ ಶೇ 11, 37ರಲ್ಲಿ ಶೇ 15.3. ಕಾರ್ಡಿನ ಮೇಲೆ 39 ಎಂದು ಬರೆದಿದ್ದು ಹೊಟ್ಟೆಯೊಳಗೆ 37 ಆಗಿದ್ದರೆ ಅರೈವ್ ಕೊಟ್ಟ ಭರವಸೆ ಆ ಮಗುವಿಗೆ ಸಲ್ಲುವುದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುವ ಒಂದು ವಾದವನ್ನೂ ಇಲ್ಲಿ ಪರಿಶೀಲಿಸಬೇಕು. ಲಂಡನ್ನಿನಲ್ಲಿ 1988ರಿಂದ 2000ದವರೆಗಿನ 1.2 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ತಾನಾಗಿ ನೋವು ಬರುವ ಮಧ್ಯಾಂಕ ಅವಧಿ ಐರೋಪ್ಯ ಮೂಲದವರಲ್ಲಿ 40 ವಾರ, ದಕ್ಷಿಣ ಏಷ್ಯಾ ಮೂಲದವರಲ್ಲಿ ಮತ್ತು ಕಪ್ಪು ಜನಾಂಗದವರಲ್ಲಿ 39 ವಾರ ಎಂದು ಅದು ತೋರಿಸಿತು. ಹಾಗಾದರೆ ನಮ್ಮ ಹೆಂಗಸರಿಗೆ ಗಡಿಯನ್ನೇ ಮುಂಚೆ ಹಾಕಬೇಕಲ್ಲವೇ? ಬ್ರಿಟನ್ನಿನ ಮಾರ್ಗಸೂಚಿ ಸಂಸ್ಥೆ 'ನೈಸ್' 2021ರಲ್ಲಿ ಇದೇ ಜಾಡಿನಲ್ಲಿ, ಅಲ್ಪಸಂಖ್ಯಾತ ಜನಾಂಗಗಳ ಹೆಂಗಸರಿಗೆ 39ರಿಂದಲೇ ಇಂಡಕ್ಷನ್ ಪರಿಗಣಿಸಬಹುದೆಂದು ಕರಡಿನಲ್ಲಿ ಸೂಚಿಸಿತ್ತು. ಅಲ್ಲಿ ನೆಲೆಸಿದ ಕನ್ನಡತಿಯರಿಗೂ ಅದು ಅನ್ವಯಿಸುತ್ತಿತ್ತು. ಜನಾಂಗವೊಂದನ್ನೇ ಹಿಡಿದು ದೇಹದ ಮೇಲೆ ತೀರ್ಮಾನ ಮಾಡುವುದಕ್ಕೆ ಸೂಲಗಿತ್ತಿಯರೂ ವೈದ್ಯರೂ ತೀವ್ರವಾಗಿ ಆಕ್ಷೇಪಿಸಿದರು, ನವೆಂಬರ್‌ನ ಅಂತಿಮ ಮಾರ್ಗಸೂಚಿಯಲ್ಲಿ ಆ ಸಾಲು ಉಳಿಯಲಿಲ್ಲ. ಕೈಬಿಟ್ಟದ್ದು ಸರಿ ಎಂದೇ ನಾನು ಭಾವಿಸುತ್ತೇನೆ. ಒಂದು ವಾರ ಮುಂಚೆ ತಾನಾಗಿ ನೋವು ಬರುವ ಸಮುದಾಯದಲ್ಲಿ 39ರಲ್ಲಿ ಕಾಯುವವರ ಸಂಖ್ಯೆಯೇ ಕಡಿಮೆ ಇರುತ್ತದೆ. ಆ ಲಂಡನ್ ಅಧ್ಯಯನ ನಮಗೆ 41 ದಾಟಲು ಬಿಡಬಾರದೆಂಬ ಎಚ್ಚರಿಕೆಯನ್ನು ಕೊಡುತ್ತದೆಯೇ ಹೊರತು, 39ಕ್ಕೆ ಎಲ್ಲರನ್ನೂ ಸೇರಿಸಿಕೊಳ್ಳಿ ಎಂಬ ಅಪ್ಪಣೆಯನ್ನಲ್ಲ.

ಎರಡನೆಯ ಷರತ್ತು ತಾಳ್ಮೆ. ಗರ್ಭಕಂಠ ಮೆತ್ತಗಾಗದೆ ನೋವು ಬರಿಸುವುದು ನಿಧಾನದ ಕೆಲಸ. ಗರ್ಭಕಂಠ ಎಷ್ಟು ಹದಕ್ಕೆ ಬಂದಿದೆಯೆಂದು ಅಳೆಯಲು ಇಂದಿಗೂ ಬಳಸುವ ಅಂಕವನ್ನು ಎಡ್ವರ್ಡ್ ಬಿಷಪ್ 1964ರಲ್ಲಿ ರೂಪಿಸಿದ್ದು ಐಚ್ಛಿಕ ಇಂಡಕ್ಷನ್ನಿಗಾಗಿಯೇ, ಅದೂ ಈಗಾಗಲೇ ಹೆತ್ತವರಿಗಾಗಿ. ಚೊಚ್ಚಲದವರಲ್ಲಿ ಮೊದಲು ಮಿಸೊಪ್ರೊಸ್ಟಾಲ್ ಮಾತ್ರೆ, ಡೈನೊಪ್ರೊಸ್ಟೋನ್ ಜೆಲ್ ಅಥವಾ ಫೋಲಿ ಕ್ಯಾಥೆಟರ್ ಬಳಸಿ ಕಂಠವನ್ನು ಹದಗೊಳಿಸಿ, ಆಮೇಲೆ ಆಕ್ಸಿಟೋಸಿನ್ ಡ್ರಿಪ್ ಹಾಕುತ್ತಾರೆ. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡವಿದ್ದ 602 ಬಸುರಿಯರ ಮೇಲೆ ನಡೆದು 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಪ್ರಯೋಗದಲ್ಲಿ, 25 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಶೇ 57 ಮಂದಿ 24 ಗಂಟೆಯೊಳಗೆ ಸಹಜವಾಗಿ ಹೆತ್ತರು, ಫೋಲಿ ಗುಂಪಿನಲ್ಲಿ ಶೇ 47. ಕಡಿಮೆ ಖರ್ಚಿನ, ನಮ್ಮ ಪರಿಸ್ಥಿತಿಗೆ ಹೊಂದುವ ವಿಧಾನ ಇದೆ ಎಂಬುದಕ್ಕೆ ಇದು ಸಾಕ್ಷಿ. ಒಂದು ದಿನ ಕಳೆದರೂ ಹೆರಿಗೆಯಾಗದವರು ಬಹಳ ಮಂದಿ ಇರುತ್ತಾರೆ ಎಂಬುದಕ್ಕೂ ಅದೇ ಸಾಕ್ಷಿ. ಹಿಂದೆ ಸಿಸೇರಿಯನ್ ಆದವರಿಗೆ ಮಿಸೊಪ್ರೊಸ್ಟಾಲ್ ಕೊಡುವಂತಿಲ್ಲ. ಗಾಯದ ಗುರುತಿನಲ್ಲಿ ಗರ್ಭಕೋಶ ಬಿರಿಯುವ ಭಯವಿದೆ.

ನೀರು ಒಡೆದ ಮೇಲೆ ಕನಿಷ್ಠ 12ರಿಂದ 18 ಗಂಟೆ ಆಕ್ಸಿಟೋಸಿನ್ ಕೊಡದೆ ಇಂಡಕ್ಷನ್ ವಿಫಲವಾಯಿತೆಂದು ಹೇಳಬಾರದು ಎಂಬುದು ಅಮೆರಿಕದ ತಜ್ಞರು 2014ರಲ್ಲಿ ಒಪ್ಪಿಕೊಂಡ ನಿಯಮ. ಅಷ್ಟೂ ಹೊತ್ತು ಮಗುವಿನ ಎದೆಬಡಿತವನ್ನು ಕೇಳುತ್ತ, ಡ್ರಿಪ್ಪಿನ ಹನಿಯನ್ನು ಗಮನಿಸುತ್ತ ಇರುವ ನರ್ಸ್ ಬೇಕು. ಬೆಳಿಗ್ಗೆ ಮಾತ್ರೆ ಕೊಟ್ಟು ಸಂಜೆ 'ನೋವು ಬರಲಿಲ್ಲ, ಆಪರೇಷನ್ ಮಾಡೋಣ' ಎನ್ನುವ ವಾರ್ಡಿನಲ್ಲಿ ಅರೈವ್ ಹೇಳಿದ ಶೇ 18.6 ಸಿಗುವುದಿಲ್ಲ. ಅಲ್ಲಿ ಇಂಡಕ್ಷನ್ನೇ ಸಿಸೇರಿಯನ್ನಿಗೆ ದಾರಿಯಾಗುತ್ತದೆ, ಹಳೆಯ ನಂಬಿಕೆ ನಿಜವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್; ದೇಶದಾದ್ಯಂತ ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4, ಸರ್ಕಾರಿಯಲ್ಲಿ ಶೇ 14.3. ಈ ಅಂತರವನ್ನು ತಾಯಂದಿರ ದೇಹಸ್ಥಿತಿಯೊಂದರಿಂದಲೇ ವಿವರಿಸಲಾಗದು. ಮುಹೂರ್ತ ನೋಡಿ ಹೆರಿಗೆ ಮಾಡಿಸುವ ಬಯಕೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಇಂಡಕ್ಷನ್ ಗಳಿಗೆಯನ್ನು ಗೊತ್ತುಮಾಡಿ ಕೊಡಲಾರದು. ನಕ್ಷತ್ರ ಹಿಡಿದು ಹೊರಟವರು ಬಹುಪಾಲು ಮುಟ್ಟುವುದು ಆಪರೇಷನ್ ಥಿಯೇಟರನ್ನೇ.

ಔಷಧಿಯ ಬಗ್ಗೆ ಒಂದು ಮಾತು. ಹೈನುಗಾರಿಕೆಯಲ್ಲಿ ದುರ್ಬಳಕೆಯಾಗುತ್ತಿದೆಯೆಂದು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಖಾಸಗಿ ಕಂಪನಿಗಳು ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿ, ಆ ಹೊಣೆಯನ್ನು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಆ್ಯಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯೊಂದಕ್ಕೇ ವಹಿಸಿತು. ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹೆತ್ತ ಮೇಲಿನ ರಕ್ತಸ್ರಾವವನ್ನು ತಡೆಯುವುದೂ ಇದೇ ಔಷಧಿ. ತೊಂದರೆಯಿಲ್ಲದ ಹೆಂಗಸಿಗೆ ಗಂಟೆಗಟ್ಟಲೆ ಡ್ರಿಪ್ ಹಾಕುವ ಮೊದಲು ಪೂರೈಕೆಯ ಲೆಕ್ಕವನ್ನೂ ಆಸ್ಪತ್ರೆ ಇಟ್ಟುಕೊಳ್ಳಬೇಕು.

ಕೊನೆಯ ಷರತ್ತು ಒಪ್ಪಿಗೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದ್ದು: ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯಗಳನ್ನು ತಿಳಿಸಿ ಪಡೆದ ಒಪ್ಪಿಗೆ ಮಾತ್ರ ಒಪ್ಪಿಗೆ. 'ನೀರು ಸ್ವಲ್ಪ ಕಡಿಮೆ ಇದೆ, ನಾಳೆ ಅಡ್ಮಿಟ್ ಆಗಿ' ಎಂಬ ಒಂದು ವಾಕ್ಯ ಆ ಮಟ್ಟವನ್ನು ಮುಟ್ಟುವುದಿಲ್ಲ. ಕಾಯಬಹುದೆಂಬುದೂ ಒಂದು ಪರ್ಯಾಯವೆಂದು ಆಕೆಗೆ, ಅವಳ ಅತ್ತೆಗೋ ಅಣ್ಣನಿಗೋ ಅಲ್ಲ, ಆಕೆಗೇ ಹೇಳಬೇಕು.

ಹಾಗಾಗಿ ನನ್ನ ನಿಲುವು ಇದು. ಮೊದಲ ಮೂರು ತಿಂಗಳ ಸ್ಕ್ಯಾನಿಂಗ್ ಕೈಯಲ್ಲಿರುವ, ವಿಷಯ ತಿಳಿದು ತಾನೇ ಕೇಳುವ ಚೊಚ್ಚಲ ಬಸುರಿಗೆ, ರಾತ್ರಿಯಿಡೀ ಕಾಯಬಲ್ಲ ಆಸ್ಪತ್ರೆ 39ನೇ ವಾರದಲ್ಲಿ ನೋವು ಬರಿಸಿದರೆ ಅದು ತಪ್ಪಲ್ಲ. ಅದನ್ನು ವಾಡಿಕೆಯಾಗಿ ಎಲ್ಲರಿಗೂ ಮಾಡುವುದಕ್ಕೆ ಪುರಾವೆಯಿಲ್ಲ. 41 ತುಂಬಿದ ಯಾರಿಗೂ ಈ ಅವಕಾಶವನ್ನು ತಿಳಿಸದೆ ಮನೆಗೆ ಕಳಿಸಬಾರದು.

ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪಟ್ಟಿಯಲ್ಲಿ ಸಿಸೇರಿಯನ್‌ಗೆ ಸಾಲಿದೆ, ಇಂಡಕ್ಷನ್ನಿಗೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಿಂದ ಹೇಳುತ್ತಿರುವ, ಹೆರಿಗೆಗಳನ್ನು ಗುಂಪುಗಳಾಗಿ ವಿಂಗಡಿಸುವ ರಾಬ್ಸನ್ ವರ್ಗೀಕರಣದಲ್ಲಿ ಎರಡನೇ ಗುಂಪಿನ ಮೊದಲ ಭಾಗ ಎಂದರೆ ನೋವು ಬರಿಸಿದ ಚೊಚ್ಚಲ ಹೆರಿಗೆಗಳೇ. ಪ್ರತಿಯೊಂದು ಜಿಲ್ಲಾಸ್ಪತ್ರೆಯೂ, ನರ್ಸಿಂಗ್ ಹೋಮೂ ಆ ಗುಂಪಿನಲ್ಲಿ ಎಷ್ಟು ಮಂದಿಗೆ ಸಿಸೇರಿಯನ್ ಆಯಿತೆಂದು ವರ್ಷಕ್ಕೊಮ್ಮೆ ಬರೆದು ಪ್ರಕಟಿಸಲಿ. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಮೊದಲ ಸ್ಕ್ಯಾನಿಂಗಿನ ದಿನಾಂಕವನ್ನೂ ಅಂದಿನ ವಾರವನ್ನೂ ನಮೂದಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ. ಆಸ್ಪತ್ರೆ ಸೇರುವ ಮುನ್ನ ಆ ಅಂಕಿಯನ್ನು ಕೇಳಿ ತಿಳಿಯುವುದು ಪ್ರತಿ ಬಸುರಿಯ ಹಕ್ಕು.