ಆಟದೊಳಗಿನ ಹಮ್ವೀ ಯಾರ ಸೊತ್ತು?

ತಾಲ್ಲೂಕು ಕೇಂದ್ರಗಳ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದವರಿಗೆ ಒಂದು ವಿಚಿತ್ರ ನೆನಪಿರಬಹುದು. ಕೈಯಲ್ಲಿರುವ ಬಂದೂಕು ನೋಡಿದರೆ ಎಕೆ-47. ಆದರೆ ಖರೀದಿ ಪಟ್ಟಿಯಲ್ಲಿ ಅದರ ಹೆಸರು ಸಿವಿ-47. ಅದಕ್ಕೂ ಮೊದಲು, 1997ರಲ್ಲಿ ಬಂದ ಜೇಮ್ಸ್ ಬಾಂಡ್ ಆಟ ಗೋಲ್ಡನ್‌ಐ 007ರಲ್ಲೂ ಇದೇ ಕತೆ. ಅಲ್ಲಿ ಎಕೆ-47 ಹೋಗಿ ಕೆಎಫ್7 ಸೋವಿಯತ್ ಆಗಿತ್ತು, ಬಾಂಡ್‌ನ ಪ್ರಸಿದ್ಧ ವಾಲ್ತರ್ ಪಿಪಿಕೆ ಪಿಸ್ತೂಲು ಪಿಪಿ7 ಆಗಿತ್ತು. ಇನ್ನೊಂದು ಬಂದೂಕಿಗೆ ನಿಂಟೆಂಡೊದ ಕೆನ್ ಲಾಬ್ ಅವರ ಹೆಸರನ್ನೇ ತಿರುಚಿ ಕ್ಲಾಬ್ ಎಂದು ಇಟ್ಟಿದ್ದರು. ಚಿತ್ರ ನಿಜದ್ದು, ಹೆಸರು ಸುಳ್ಳು. ಈ ಕಣ್ಣಾಮುಚ್ಚಾಲೆಯ ಹಿಂದೆ ಇರುವುದು ಬೌದ್ಧಿಕ ಆಸ್ತಿ ಹಕ್ಕಿನ ಒಂದು ಜಗಳ.

ಜಗಳ ನಡೆದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಹಾಗಾಗಿ ಅಲ್ಲಿನ ಕಾನೂನನ್ನು ಸ್ವಲ್ಪ ತಿಳಿದುಕೊಳ್ಳೋಣ. ಪೇಟೆಂಟ್ ಕಾಯುವುದು ಯಂತ್ರದ ಹಿಂದಿನ ಆವಿಷ್ಕಾರವನ್ನು. ಯಂತ್ರದ ಚಿತ್ರ ಬರೆದರೆ ಪೇಟೆಂಟ್ ಮುರಿದಂತಾಗುವುದಿಲ್ಲ. ಬಳಕೆಯ ವಸ್ತುವಿನ ಉಪಯುಕ್ತ ಆಕಾರಕ್ಕೆ ಕಾಪಿರೈಟ್ ಸಿಗುವುದಿಲ್ಲ. ಉಳಿಯುವುದು ಟ್ರೇಡ್‌ಮಾರ್ಕ್. ಹೆಸರು, ಲಾಂಛನ ಮತ್ತು ನೋಡಿದ ಕೂಡಲೇ ಇಂಥ ಕಂಪನಿಯದು ಎಂದು ಗುರುತು ಹಿಡಿಯುವಂಥ ರೂಪ ಅದರಡಿ ಬರುತ್ತವೆ. ಶಸ್ತ್ರ ಕಂಪನಿಗಳು ಹಿಡಿದದ್ದು ಈ ಎಳೆಯನ್ನೇ.

ಮೊದಲು ಇದರ ಬಿಸಿ ತಟ್ಟಿದ್ದು ಮಕ್ಕಳೂ ದೊಡ್ಡವರೂ ಅಂಟು ಹಚ್ಚಿ ಜೋಡಿಸುವ ಪ್ಲಾಸ್ಟಿಕ್ ವಿಮಾನಗಳಿಗೆ. 2000ದ ದಶಕದಲ್ಲಿ ಯುದ್ಧವಿಮಾನ ತಯಾರಕರು ಈ ಪುಟ್ಟ ಮಾದರಿಗಳಿಗೂ ಲೈಸೆನ್ಸ್ ಶುಲ್ಕ ಕೇಳತೊಡಗಿದರು. ಜನರ ತೆರಿಗೆಯಲ್ಲಿ ಹಾರಿದ ವಿಮಾನದ ಆಟಿಕೆಗೂ ಜನರೇ ಮತ್ತೆ ಶುಲ್ಕ ತೆರಬೇಕೆ ಎಂಬ ಪ್ರಶ್ನೆ ಎದ್ದಿತು. ನ್ಯೂಜೆರ್ಸಿಯ ಸಂಸದ ರಾಬರ್ಟ್ ಆಂಡ್ರ್ಯೂಸ್ ಈ ಶುಲ್ಕದ ವಿರುದ್ಧ ಮಸೂದೆಯನ್ನೂ ತಂದರು.

ಅಷ್ಟರಲ್ಲಿ ವಿಡಿಯೋ ಗೇಮ್ ದೊಡ್ಡ ವ್ಯಾಪಾರವಾಗಿ ಬೆಳೆದಿತ್ತು. 2011ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪುಸ್ತಕ, ನಾಟಕ, ಸಿನಿಮಾಗಳಂತೆ ವಿಡಿಯೋ ಗೇಮ್‌ಗೂ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಯಿದೆ ಎಂದು ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಬ್ಯಾಟಲ್‌ಫೀಲ್ಡ್ 3 ಬಂತು. ಅದರಲ್ಲಿ ಬೆಲ್ ಕಂಪನಿಯ ವೈಪರ್ ಹೆಲಿಕಾಪ್ಟರ್ ಇತ್ತು, ಆಸ್ಪ್ರೇ ವಿಮಾನ ಇತ್ತು. ಬೆಲ್‌ನ ಮಾತೃಸಂಸ್ಥೆ ಟೆಕ್ಸ್‌ಟ್ರಾನ್ ತಕರಾರು ತೆಗೆಯಿತು. ಆಟದ ಪ್ರಕಾಶಕರಾದ ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) 2012ರ ಜನವರಿಯಲ್ಲಿ ತಾವೇ ಮೊದಲು ಕ್ಯಾಲಿಫೋರ್ನಿಯಾದ ಕೋರ್ಟಿಗೆ ಹೋಗಿ, ನಮಗೆ ಈ ಹಕ್ಕಿದೆ ಎಂದು ಘೋಷಿಸಿ ಎಂದರು. ಪ್ರಕರಣವನ್ನು ಆರಂಭದಲ್ಲೇ ಮುಗಿಸಿಬಿಡಲು ನ್ಯಾಯಾಧೀಶರು ಒಪ್ಪಲಿಲ್ಲ. ಕೊನೆಗೆ ಅದು ತೀರ್ಪಿನವರೆಗೆ ಹೋಗದೆ ರಾಜಿಯಲ್ಲಿ ಮುಗಿಯಿತು. ಪ್ರಶ್ನೆ ಹಾಗೇ ಉಳಿಯಿತು.

ಲೈಸೆನ್ಸ್ ಪಡೆದುಬಿಟ್ಟರೆ ತಲೆನೋವೇ ಇಲ್ಲವಲ್ಲ ಎನಿಸಬಹುದು. ಇಎ ಆ ದಾರಿಯನ್ನೂ ತುಳಿದಿತ್ತು. 2012ರ ಮೆಡಲ್ ಆಫ್ ಆನರ್: ವಾರ್‌ಫೈಟರ್ ಆಟದ ಜಾಲತಾಣದಿಂದ ನೇರವಾಗಿ ಬಂದೂಕು ತಯಾರಕರ ಜಾಲತಾಣಗಳಿಗೆ ಕೊಂಡಿ ಹಾಕಲಾಗಿತ್ತು. ಟೀಕೆ ಬಂದ ಮೇಲೆ ತೆಗೆದರು. ಅದೇ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾದರು. ಬಂದೂಕು ಮಾಲೀಕರ ಸಂಘದ ಮುಖಂಡರು ಆಗ ವಿಡಿಯೋ ಗೇಮ್‌ಗಳ ಮೇಲೆ ಹರಿಹಾಯ್ದರು. ಆದರೆ ಅದೇ ಗೇಮ್‌ಗಳ ಜೊತೆ ಬಂದೂಕು ಕಂಪನಿಗಳಿಗೆ ವ್ಯಾಪಾರ ಸಂಬಂಧವಿತ್ತು! 2013ರ ಮೇನಲ್ಲಿ ಇಎ ಬಂದೂಕು ತಯಾರಕರೊಂದಿಗಿನ ಲೈಸೆನ್ಸ್ ಒಪ್ಪಂದಗಳನ್ನು ಕಡಿದುಕೊಳ್ಳುವುದಾಗಿ ಹೇಳಿತು. ಜೊತೆಗೆ, ನಿಜವಾದ ಬಂದೂಕುಗಳನ್ನು ಮಾತ್ರ ಅನುಮತಿಯಿಲ್ಲದೆಯೇ ತೋರಿಸುತ್ತೇವೆ, ಅದು ನಮ್ಮ ಹಕ್ಕು ಎಂದಿತು.

ಆ ಹಕ್ಕು ಕೋರ್ಟಿನಲ್ಲಿ ಗಟ್ಟಿಯಾಗಿ ಪರೀಕ್ಷೆಗೆ ಒಳಗಾದದ್ದು ಒಂದು ವಾಹನದ ನೆಪದಲ್ಲಿ. ಇಂಡಿಯಾನಾ ರಾಜ್ಯದ ಎಎಂ ಜನರಲ್ ಕಂಪನಿಗೆ 1983ರಲ್ಲಿ ಅಮೆರಿಕ ಸೇನೆ 55,000 ಗಾಡಿಗಳ ಗುತ್ತಿಗೆ ಕೊಟ್ಟಿತು. ಅದೇ ಹಮ್ವೀ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಟೀವಿ ನೋಡಿದವರಿಗೆಲ್ಲ ಈ ಅಗಲ ಮೂತಿಯ ಗಾಡಿ ಪರಿಚಯವಾಯಿತು. ಮರುವರ್ಷವೇ ಹಮ್ಮರ್ ಎಂಬ ಹೆಸರಿನಲ್ಲಿ ಸಾಮಾನ್ಯರಿಗೂ ಮಾರಾಟಕ್ಕೆ ಬಂತು. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳನ್ನು ಹಮ್ವೀ ಇಲ್ಲದೆ ನೆನೆಯುವುದೇ ಕಷ್ಟ. ಆಧುನಿಕ ಯುದ್ಧದ ಕತೆ ಹೇಳುವ ಕಾಲ್ ಆಫ್ ಡ್ಯೂಟಿ ಆಟಗಳಲ್ಲೂ ಅದು ಓಡಾಡಿತು. 2017ರ ನವೆಂಬರ್‌ನಲ್ಲಿ ಎಎಂ ಜನರಲ್, ಆಟದ ಪ್ರಕಾಶಕರಾದ ಆಕ್ಟಿವಿಷನ್ ವಿರುದ್ಧ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿತು. ನಮ್ಮ ಹೆಸರನ್ನು ಬಳಸಿ ಲಾಭ ಮಾಡಿದ್ದಾರೆ, ಜನ ನಾವೇ ಒಪ್ಪಿಗೆ ಕೊಟ್ಟಿದ್ದೇವೆ ಎಂದುಕೊಳ್ಳುತ್ತಾರೆ ಎಂಬುದು ದೂರು.

2020ರ ಮಾರ್ಚ್ 31ರಂದು ನ್ಯಾಯಾಧೀಶ ಜಾರ್ಜ್ ಡೇನಿಯಲ್ಸ್ ಆಕ್ಟಿವಿಷನ್ ಪರ ತೀರ್ಪು ಕೊಟ್ಟರು. ಅವರು ಆಧರಿಸಿದ್ದು ಒಂದು ಸಿನಿಮಾ ಪ್ರಕರಣವನ್ನು. ಫೆಲಿನಿಯ ‘ಜಿಂಜರ್ ಅಂಡ್ ಫ್ರೆಡ್’ ಚಿತ್ರದ ಹೆಸರಿನ ವಿರುದ್ಧ ನಟಿ ಜಿಂಜರ್ ರೋಜರ್ಸ್ ಹೂಡಿದ್ದ ದಾವೆ 1989ರಲ್ಲಿ ತೀರ್ಮಾನವಾಗಿತ್ತು. ಹೆಸರಿನ ಬಳಕೆಗೆ ಕಲೆಯ ದೃಷ್ಟಿಯಿಂದ ಸಂಬಂಧವಿದೆಯೇ, ಅದು ಜನರನ್ನು ಸ್ಪಷ್ಟವಾಗಿ ದಾರಿ ತಪ್ಪಿಸುತ್ತದೆಯೇ ಎಂಬ ಎರಡು ಪ್ರಶ್ನೆಗಳು ಅಲ್ಲಿಂದ ಬಂದವು. ನಿಜದಂತೆ ಕಾಣಬೇಕೆಂಬುದೂ ಕಲೆಯ ಒಂದು ಗುರಿ. ಇಂದಿನ ಸೇನೆಯ ಕತೆಯಲ್ಲಿ ಆ ಸೇನೆಯ ಗಾಡಿ ಇರುವುದು ಸಹಜ ಎಂದು ಕೋರ್ಟ್ ಹೇಳಿತು. ಒಬ್ಬರು ಸೇನೆಗೆ ವಾಹನ ಮಾರುವವರು, ಇನ್ನೊಬ್ಬರು ಜನರಿಗೆ ಆಟ ಮಾರುವವರು. ಉದ್ದೇಶಗಳೇ ಬೇರೆ ಎಂದೂ ಹೇಳಿತು.

ನಮ್ಮಂಥ ಪತ್ರಿಕೋದ್ಯಮದವರಿಗೆ ಈ ತೀರ್ಪು ಏಕೆ ಮುಖ್ಯ? ಅನುಮತಿ ಬೇಕೆಂದಾದರೆ, ಅನುಮತಿ ಕೊಡುವವನು ಷರತ್ತನ್ನೂ ಹಾಕುತ್ತಾನೆ. ನಮ್ಮ ಗಾಡಿ ಕೆಟ್ಟು ನಿಂತದ್ದನ್ನು ತೋರಿಸಬೇಡಿ, ನಮ್ಮ ಬಂದೂಕಿನಿಂದ ಅಮಾಯಕರು ಸತ್ತದ್ದನ್ನು ತೋರಿಸಬೇಡಿ ಎನ್ನಬಹುದು. ಆಗ ಯುದ್ಧದ ಕತೆ ಶಸ್ತ್ರ ಮಾರುವವರ ಜಾಹೀರಾತಾಗುತ್ತದೆ. ಹಮ್ವೀ ತಯಾರಿಸಿದ್ದು ಕಂಪನಿಯೇ ಆದರೂ, ಅದು ಎಲ್ಲಿಗೆ ಹೋಯಿತು, ಅಲ್ಲಿ ಏನು ಮಾಡಿತು ಎಂಬುದು ಚರಿತ್ರೆ. ಚರಿತ್ರೆಗೆ ಟ್ರೇಡ್‌ಮಾರ್ಕ್ ಹಾಕಲು ಬರಬಾರದು.

ಹಾಗೆಂದು ಆಟದ ಕಂಪನಿಗಳೇನೂ ಸತ್ಯದ ವಾರಸುದಾರರಲ್ಲ. 2022ರ ಕಾಲ್ ಆಫ್ ಡ್ಯೂಟಿಯಲ್ಲಿ ಎಕೆ ಬಂದೂಕುಗಳು ಮತ್ತೆ ‘ಕಸ್ತೋವ್’ ಎಂಬ ಕಟ್ಟುಹೆಸರು ತೊಟ್ಟವು. 2022ರಲ್ಲಿ ಟೆಕ್ಸಾಸ್‌ನ ಉವಾಲ್ಡೆ ಶಾಲೆಯಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ ದುರಂತದ ಎರಡು ವರ್ಷದ ನಂತರ, ಸಂತ್ರಸ್ತ ಕುಟುಂಬಗಳು ಬಂದೂಕು ತಯಾರಕರ ಮೇಲಷ್ಟೇ ಅಲ್ಲ, ಆಕ್ಟಿವಿಷನ್ ಮೇಲೂ ದಾವೆ ಹೂಡಿದವು. ಆಟವೇ ಬಂದೂಕಿನ ಜಾಹೀರಾತಾಗಿದೆ ಎಂಬುದು ಅವರ ಆರೋಪ. ಕಾನೂನೂ ಕಲ್ಲಿನಲ್ಲಿ ಕೊರೆದದ್ದಲ್ಲ. 2023ರಲ್ಲಿ ಜ್ಯಾಕ್ ಡೇನಿಯಲ್ಸ್ ವಿಸ್ಕಿ ಬಾಟಲಿಯನ್ನು ಹೋಲುವ ನಾಯಿ ಆಟಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೇರೆಯವರ ಗುರುತನ್ನು ತಮ್ಮ ಸರಕಿನ ಬ್ರ್ಯಾಂಡಿನಂತೆಯೇ ಬಳಸಿದರೆ 1989ರ ಆ ವಿಶೇಷ ರಕ್ಷಣೆ ಸಿಗದು ಎಂದಿತು.

ಈಗ ನಮ್ಮಲ್ಲೂ ಯುದ್ಧದ ಆಟಗಳು ತಯಾರಾಗುತ್ತಿವೆ. ಬೆಂಗಳೂರಿನ ಎನ್‌ಕೋರ್ ಗೇಮ್ಸ್ 2021ರ ಜನವರಿ 26ರಂದು ತಂದ ಫೌಜಿ ಆಟ ಗಲ್ವಾನ್ ಕಣಿವೆಯ ಕತೆ ಹೇಳಿತು. ಗಲ್ವಾನ್‌ನಲ್ಲಿ ಕೈಕೈ ಮಿಲಾಯಿಸಿದ ಹೊಡೆದಾಟ ನಡೆದದ್ದರಿಂದ ಆ ಅಧ್ಯಾಯದಲ್ಲಿ ಬಂದೂಕಿನ ಹೆಸರಿನ ಪ್ರಶ್ನೆಯೇ ಏಳಲಿಲ್ಲ. ಮುಂದೆ ನಮ್ಮವೇ ವಿಮಾನಗಳು, ನಮ್ಮವೇ ಬಂದೂಕುಗಳು ಪರದೆಯ ಮೇಲೆ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ಎರಡು: ಈ ಆಯುಧವನ್ನು ತೋರಿಸಲು ಯಾರ ಅನುಮತಿ ಪಡೆದರು? ಅದಕ್ಕೆ ಪ್ರತಿಯಾಗಿ ಏನನ್ನು ತೋರಿಸದೆ ಬಿಟ್ಟರು?