ಮತದಾರನ ಅರಿಯುವ ಹಕ್ಕು: ತ್ರಿಲೋಚನ ಶಾಸ್ತ್ರಿಯವರ ಸಾಧನೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜನರಿಗೆ ಒಂದು ಮತದ ತೂಕವನ್ನು ಯಾರೂ ಕಲಿಸಬೇಕಾಗಿಲ್ಲ. 2008ರಲ್ಲಿ ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಅವರು ಜೇವರ್ಗಿಯಲ್ಲಿ ಸೋತದ್ದು ಕೇವಲ 70 ಮತಗಳಿಂದ. 2018ರಲ್ಲಿ ಆಳಂದದ ಫಲಿತಾಂಶವನ್ನು ನಿರ್ಧರಿಸಿದ್ದು 697 ಮತಗಳು. ಸೋಲು ಗೆಲುವುಗಳ ನಡುವಣ ಅಂತರ ಇಷ್ಟು ಕಿರಿದಾದಾಗ ಎರಡು ಪ್ರಶ್ನೆಗಳು ಮುಖ್ಯವಾಗುತ್ತವೆ. ಮತ ಕೇಳಲು ಬಂದವರು ಎಂಥವರು? ಮತ ನೀಡಬೇಕಾದವರ ಹೆಸರು ಪಟ್ಟಿಯಲ್ಲಿ ಉಳಿದಿದೆಯೆ?

ಮೊದಲ ಪ್ರಶ್ನೆಗೆ ಉತ್ತರ ಪಡೆಯುವ ಅಧಿಕಾರ ಭಾರತದ ಮತದಾರನಿಗೆ ಬಹುಕಾಲ ಇರಲಿಲ್ಲ. ಅದನ್ನು ದೊರಕಿಸಿದವರಲ್ಲಿ ಅಗ್ರಗಣ್ಯರು ಪ್ರೊ. ತ್ರಿಲೋಚನ ಶಾಸ್ತ್ರಿ. ದೆಹಲಿಯ ಐಐಟಿ ಮತ್ತು ಅಹಮದಾಬಾದಿನ ಐಐಎಂನಲ್ಲಿ ಓದಿ, ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದ ಅವರು ಅಹಮದಾಬಾದಿನಲ್ಲಿ ಅಧ್ಯಾಪಕರಾದರು. ಮುಂದೆ ಬೆಂಗಳೂರಿನ ಐಐಎಂಗೆ ಬಂದು ಅಲ್ಲಿ ಡೀನ್ ಕೂಡ ಆದರು. 1999ರಲ್ಲಿ ಜಗದೀಪ್ ಛೋಕರ್ ಮೊದಲಾದ ಸಹೋದ್ಯೋಗಿಗಳೊಡನೆ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರ ಬೇಡಿಕೆ ಸರಳವಾಗಿತ್ತು: ಅಭ್ಯರ್ಥಿಯ ಮೇಲಿರುವ ಕ್ರಿಮಿನಲ್ ಮೊಕದ್ದಮೆಗಳನ್ನು ಮತದಾರನಿಗೆ ತಿಳಿಸಬೇಕು.

ಈ ಕೋರಿಕೆ ಹೊತ್ತ ಅರ್ಜಿ 1999ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟನ್ನು ತಲುಪಿತು. 2000ದ ನವೆಂಬರ್ 2ರಂದು ನ್ಯಾಯಾಲಯ ಅರ್ಜಿದಾರರ ಪರವಾಗಿ ತೀರ್ಪಿತ್ತಿತು. ಕೇಂದ್ರ ಸರ್ಕಾರ ಮೇಲ್ಮನವಿ ಸಲ್ಲಿಸಿತು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಅದೇ ತತ್ತ್ವವನ್ನು ಎತ್ತಿಹಿಡಿದು, ಮೊಕದ್ದಮೆಗಳ ಜೊತೆಗೆ ಆಸ್ತಿ, ಸಾಲ, ವಿದ್ಯಾರ್ಹತೆಗಳ ವಿವರವನ್ನೂ ಕೊಡಬೇಕೆಂದಿತು. ಪರಸ್ಪರ ಹೋರಾಡುವ ಪಕ್ಷಗಳು ಇದನ್ನು ತಡೆಯುವಲ್ಲಿ ಮಾತ್ರ ಒಂದಾದವು. ಅದೇ ಆಗಸ್ಟಿನಲ್ಲಿ ಸುಗ್ರೀವಾಜ್ಞೆ ಹೊರಟಿತು. ಆಮೇಲೆ ಪ್ರಜಾಪ್ರಾತಿನಿಧ್ಯ ಕಾಯಿದೆಗೆ 33ಬಿ ಕಲಮು ಸೇರಿತು. ನ್ಯಾಯಾಲಯ ಏನೇ ಹೇಳಿದರೂ ಕಾಯಿದೆ ಕೇಳಿದಷ್ಟನ್ನೇ ಅಭ್ಯರ್ಥಿ ಹೇಳಿದರೆ ಸಾಕೆಂಬುದು ಅದರ ಸಾರ. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟ್ ಆ ಕಲಮನ್ನೇ ಅಸಿಂಧುಗೊಳಿಸಿತು. ಇಂದು ಪ್ರತಿಯೊಬ್ಬ ಅಭ್ಯರ್ಥಿಯೂ ನಾಮಪತ್ರದೊಡನೆ ಸಲ್ಲಿಸುವ ಪ್ರಮಾಣಪತ್ರ ಈ ಹೋರಾಟದ ಫಲ. 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡುಗಳನ್ನು ಅಸಾಂವಿಧಾನಿಕವೆಂದು ಘೋಷಿಸಿದ ಮೊಕದ್ದಮೆಯಲ್ಲಿಯೂ ಈ ಸಂಸ್ಥೆ ಅರ್ಜಿದಾರರಲ್ಲಿ ಒಂದಾಗಿತ್ತು.

ಇತಿಹಾಸವನ್ನು ಬಲ್ಲವರಿಗೆ ಈ ವಿಚಾರ ತೀರ ಹೊಸದೆನಿಸದು. ಹತ್ತನೆಯ ಶತಮಾನದ ಚೋಳ ಪರಾಂತಕನ ಕಾಲದ ಉತ್ತರಮೇರೂರು ಶಾಸನವು ಗ್ರಾಮಸಭೆಯ ಸಮಿತಿಗಳಿಗೆ ಆಯ್ಕೆಯಾಗುವವರ ಅರ್ಹತೆಗಳನ್ನು ವಿಧಿಸುತ್ತದೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ಬಂಧುಗಳಿಗೂ ಅಲ್ಲಿ ಅವಕಾಶವಿರಲಿಲ್ಲ. ಆ ನಿಯಮವನ್ನು ಎಲ್ಲರೂ ಕಾಣುವಂತೆ ದೇವಾಲಯದ ಕಲ್ಲಿನ ಮೇಲೆ ಕೊರೆಯಿಸಿದರು.

ಎರಡನೆಯ ಪ್ರಶ್ನೆ ನಮ್ಮನ್ನು ಮತ್ತೆ ಆಳಂದಕ್ಕೇ ಕರೆತರುತ್ತದೆ. 2023ರ ಚುನಾವಣೆಗೆ ಮುನ್ನ ಅಲ್ಲಿ ಹೆಸರು ತೆಗೆಯಬೇಕೆಂದು ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಅಧಿಕಾರಿಗಳು ಪರಿಶೀಲಿಸಿದಾಗ ಸರಿಯೆಂದು ಕಂಡದ್ದು 24 ಮಾತ್ರ. ಉಳಿದವನ್ನು ತಿರಸ್ಕರಿಸಿ, ಫೆಬ್ರವರಿಯಲ್ಲಿ ಪೊಲೀಸರಿಗೆ ದೂರು ನೀಡಲಾಯಿತು. ಕಣ್ಣು ತಪ್ಪಿದ್ದರೆ ಕಳೆದುಹೋಗುತ್ತಿದ್ದ ಹೆಸರುಗಳ ಸಂಖ್ಯೆಯನ್ನು 697ರ ಪಕ್ಕದಲ್ಲಿಟ್ಟು ನೋಡಿದರೆ ಅಪಾಯದ ಅಳತೆ ತಿಳಿಯುತ್ತದೆ.

ಇಂದು ಅಫಜಲಪುರದ ರೈತನೂ ತನ್ನ ಮೊಬೈಲಿನಲ್ಲಿ ಅಭ್ಯರ್ಥಿಯ ಪ್ರಮಾಣಪತ್ರವನ್ನು ತೆರೆದು ಓದಬಲ್ಲ. ಪಟ್ಟಿಯಲ್ಲಿ ತನ್ನ ಹೆಸರನ್ನೂ ಹುಡುಕಬಲ್ಲ. ಶಾಸ್ತ್ರಿಯವರೂ ಅವರ ಸಂಗಡಿಗರೂ ನ್ಯಾಯಾಲಯದಲ್ಲಿ ಗೆದ್ದುಕೊಟ್ಟದ್ದು ಅರಿಯುವ ಹಕ್ಕನ್ನು. ಅರಿಯುವ ಕೆಲಸವನ್ನು ಮಾತ್ರ ಮತದಾರನೇ ಮಾಡಬೇಕು.